ಹುಡುಗರ ಹಲಗೆಗೆ ಹಣವಿಲ್ಲವಂತೆ!

ತುಮಕೂರಿನ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೋ ವ್ಯಾಪಾರಕ್ಕೋ ಹೋಗಿಬರುವ ನಮ್ಮ ವಾಚಕರಿಗೆ ಚಿಕ್ಕಬಾಣಾವರದ ಪರಿಚಯ ಮಾಡಿಕೊಡಬೇಕಾಗಿಲ್ಲ. ಸೋಲದೇವನಹಳ್ಳಿ ದಾಟಿದ ಮೇಲೆ, ಯಶವಂತಪುರ ಬರುವ ಮುಂಚೆ ಸಿಕ್ಕುವ ಊರು ಅದು. 2017ರಲ್ಲಿ ಹಾಸನದ ಹಳಿ ಅಲ್ಲಿಗೆ ಬಂದು ಕೂಡಿದ ಮೇಲೆ ಜಂಕ್ಷನ್ ಎಂಬ ಬಿರುದೂ ಬಂದಿತು. ಪಂಚಾಯಿತಿ ಎನಿಸಿಕೊಂಡಿದ್ದದ್ದು ಪುರಸಭೆ ಎನಿಸಿಕೊಂಡಿತು. ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಸಂಸಾರಗಳು ಬಾಡಿಗೆ ಸ್ವಲ್ಪ ಕಡಿಮೆಯೆಂದು ಹುಡುಕಿಕೊಂಡು ಬಂದು ನೆಲೆಸುವ ಜಾಗ ಅದು. 2022ರ ಜೂನ್ ತಿಂಗಳಲ್ಲಿ ಉಪನಗರ ರೈಲಿಗೆ ಪ್ರಧಾನಿಗಳೇ ಬಂದು ಶಂಕುಸ್ಥಾಪನೆ ಮಾಡಿ, 40 ತಿಂಗಳಲ್ಲಿ ಗಾಡಿ ಓಡುತ್ತದೆಂದು ಹೇಳಿಹೋದರು. ಬೈಯಪ್ಪನಹಳ್ಳಿಯ ಕಡೆಯಿಂದ ಚಿಕ್ಕಬಾಣಾವರಕ್ಕೆ 25 ಕಿಲೋಮೀಟರಿನ ಹಾದಿ; ಅದಕ್ಕೆ ಮಲ್ಲಿಗೆ ಎಂದು ಹೆಸರನ್ನೂ ಇಟ್ಟರು. 40 ತಿಂಗಳು 2025ರ ಅಕ್ಟೋಬರಿಗೆ ಕಳೆದುಹೋಯಿತು, ಮಲ್ಲಿಗೆ ಅರಳಲಿಲ್ಲ. ಆದರೆ ಸೈಟುಗಳ ಬೆಲೆ ಮಾತ್ರ ರೈಲಿಗಾಗಿ ಕಾಯಲಿಲ್ಲ! ಅದು ಎಕ್ಸ್‌ಪ್ರೆಸ್ಸಿನ ವೇಗದಲ್ಲಿ ಓಡಿತು. ಆ ಓಟದಲ್ಲಿ ಖಾಲಿ ಇದ್ದ ಜಾಗಗಳೆಲ್ಲ ಒಂದೊಂದಾಗಿ ಕಾಂಪೌಂಡಿನೊಳಗೆ ಸೇರಿದವು. ಹುಡುಗರು ರಸ್ತೆಗೆ ಬಿದ್ದರು.

ಈ ಹುಡುಗರಿಗಾಗಿ ಒಂದು ಸ್ಕೇಟ್ ಪಾರ್ಕ್ ಕಟ್ಟಿಸಿ, ಅದರ ಬಾಬನ್ನು ಮುಂಗಡಪತ್ರದಲ್ಲಿ ಸೇರಿಸಿ ಎಂಬುದು ನಮ್ಮ ಬೇಡಿಕೆ. ಈ ಮಾತು ಎತ್ತಿದರೆ ಸಾಕು, ದೊಡ್ಡ ಮನುಷ್ಯರು ನಗುತ್ತಾರೆ. ನಮ್ಮವರೇ ಆದ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ನಗುವವರಿಗೂ ಗಂಟಿಕ್ಕುವವರಿಗೂ ಉತ್ತರ ಹೇಳುವುದಕ್ಕಾಗಿಯೇ ಈ ಲೇಖನ.

ಸ್ಕೇಟ್ ಪಾರ್ಕ್ ಎಂದರೆ ಹೂಗಿಡ ಬೆಳೆಸುವ ಉದ್ಯಾನವಲ್ಲ. ನುಣ್ಣಗೆ ಗಾರೆ ಎಳೆದ ಕಾಂಕ್ರೀಟಿನ ಬಯಲು. ಅದರಲ್ಲಿ ಇಳಿಜಾರುಗಳು, ಬಾಣಲೆಯಂತಹ ಗುಂಡಿಗಳು, ಮೂರು ನಾಲ್ಕು ಮೆಟ್ಟಿಲು, ಕಬ್ಬಿಣದ ಕೊಳವೆಯ ಅಂಚು. ಕಾಲಡಿಗೆ ನಾಲ್ಕು ಚಕ್ರದ ಒಂದು ಹಲಗೆ ಇಟ್ಟುಕೊಂಡು ಹುಡುಗರು ಅದರ ಮೇಲೆ ಜಾರುತ್ತಾರೆ, ಹಾರುತ್ತಾರೆ, ಬೀಳುತ್ತಾರೆ, ಮತ್ತೆ ಏಳುತ್ತಾರೆ. ತಂಡ ಬೇಡ, ಅಂಪೈರ್ ಬೇಡ, ಹನ್ನೊಂದು ಜನ ಸೇರುವವರೆಗೆ ಕಾಯಬೇಕಾಗಿಲ್ಲ. ಪಾಳಿ ಮುಗಿಸಿ ತಾಯಿ ಬರುವ ತನಕ ಅರ್ಧ ಗಂಟೆ ಬಿಡುವಿರುವ ಹುಡುಗಿಯೂ ಆಡಬಹುದಾದ ಆಟ.

"ಇದು ಸಿರಿವಂತರ ಮಕ್ಕಳ ಶೋಕಿಯಲ್ಲವೆ?" ಎಂಬುದು ಮೊದಲನೆಯ ಆಕ್ಷೇಪಣೆ. ಈ ಆಟ ಬೆಳೆದ ಚರಿತ್ರೆಯನ್ನು ಇವರು ಕೇಳಿಲ್ಲವೆಂದು ತೋರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976-77ರ ಸುಮಾರಿಗೆ ಭೀಕರ ಬರ ಬಿದ್ದಿತು. ಧನಿಕರ ಮನೆಯ ಹಿತ್ತಲಿನ ಈಜುಕೊಳಗಳು ಬತ್ತಿ ಬರಿದಾದವು. ಕಡಲ ಕರಾವಳಿಯ ಹರುಕು ಕೇರಿಗಳ ಹುಡುಗರು ಬೇಲಿ ಹಾರಿ, ಆ ಖಾಲಿ ಕೊಳಗಳ ಬಾಗಿದ ಗೋಡೆಗಳ ಮೇಲೆ ಚಕ್ರದ ಹಲಗೆ ಓಡಿಸಿದರು. ಪೊಲೀಸರು ಬಂದಾಗ ಓಡಿದರು, ಹೋದಾಗ ಮತ್ತೆ ಬಂದರು. ಇಂದು ಲೋಕದಾದ್ಯಂತ ಸ್ಕೇಟ್ ಪಾರ್ಕುಗಳಲ್ಲಿ ಕಟ್ಟುವ ಬಾಣಲೆಗುಂಡಿ ಆ ಈಜುಕೊಳದ ನಕಲು. ಹೀಗೆ ಸಿರಿವಂತರ ಹಾಳುಗುಂಡಿಯನ್ನು ಬಡ ಹುಡುಗರು ಆಟದ ಮೈದಾನ ಮಾಡಿಕೊಂಡ ಕಥೆಯನ್ನು ಸಿರಿವಂತರ ಶೋಕಿ ಎನ್ನುವುದು ಯಾವ ನ್ಯಾಯ?

ಬಂಡವಾಳಗಾರರು ಇದನ್ನು ಕಂಡು ಸುಮ್ಮನಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಟಿಕೀಟು ಇಟ್ಟು ನೂರಾರು ಸ್ಕೇಟ್ ಪಾರ್ಕುಗಳನ್ನು ತೆರೆದರು. ಐದಾರು ವರ್ಷಗಳಲ್ಲಿ ಬಹುಪಾಲು ಮುಚ್ಚಿಹೋದವು. ವಿಮೆಯ ಕಂತು ಏರಿತು, ಲಾಭ ಇಳಿಯಿತು, ಬುಲ್ಡೋಜರ್ ಬಂತು. 1990ರಲ್ಲಿ ಪೋರ್ಟ್‌ಲ್ಯಾಂಡ್ ನಗರದ ಬರ್ನ್‌ಸೈಡ್ ಸೇತುವೆಯ ಕೆಳಗೆ ಆಟದ ಹುಡುಗರೇ ಸಿಮೆಂಟು ಕಲೆಸಿ, ಯಾರ ಅಪ್ಪಣೆಯೂ ಇಲ್ಲದೆ ಒಂದು ಪಾರ್ಕು ಕಟ್ಟಿಕೊಂಡರು. ನಗರಸಭೆ ಆಮೇಲೆ ಒಪ್ಪಿಗೆ ಕೊಟ್ಟಿತು. 1998ರಿಂದ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬದಲಾಯಿತು. ಬಿದ್ದು ಪೆಟ್ಟಾದರೆ ಹೊಣೆಯೆಲ್ಲ ಊರಿನ ತಲೆಯ ಮೇಲೆ ಬೀಳದಂತೆ ಮಾಡಿದರು. ಆಗ ಅಲ್ಲಿನ ಊರುಗಳು ಸಾರ್ವಜನಿಕರ ಹಣದಲ್ಲಿ, ಎಲ್ಲರಿಗೂ ತೆರೆದ ಪಾರ್ಕುಗಳನ್ನು ಕಟ್ಟತೊಡಗಿದವು. ಟಿಕೀಟಿನ ಪಾರ್ಕು ಸತ್ತಿತು, ಊರಿನ ಪಾರ್ಕು ಬದುಕಿತು. ಖಾಸಗಿಯವರ ಕೈಯಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತದೆಂದು ದಿನವೂ ಭಜನೆ ಮಾಡುವವರು ಇದಕ್ಕೆ ಏನು ಹೇಳುತ್ತಾರೆ?

ಅಮೆರಿಕದ ಮಾತು ನಮಗೇಕೆ ಎನ್ನುವವರು ಮಧ್ಯಪ್ರದೇಶಕ್ಕೆ ಬನ್ನಿ. ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ ಆದಿವಾಸಿಗಳೂ ಹಿಂದುಳಿದವರೂ ವಾಸಿಸುತ್ತಾರೆ. ಅಲ್ಲಿ 2015ರಲ್ಲಿ ಉಲ್ರಿಕೆ ರೈನ್‌ಹಾರ್ಡ್ ಎಂಬ ಜರ್ಮನ್ ಮಹಿಳೆ ಒಂದು ಸ್ಕೇಟ್ ಪಾರ್ಕ್ ಕಟ್ಟಿಸಿದರು. ನಿಯಮ ಎರಡೇ: ಶಾಲೆಗೆ ಹೋಗದವರಿಗೆ ಹಲಗೆಯಿಲ್ಲ, ಹುಡುಗಿಯರಿಗೆ ಮೊದಲ ಸರದಿ. ಆ ಹಳ್ಳಿಯ ಆಶಾ ಗೊಂಡ್ ಎಂಬ ಆದಿವಾಸಿ ಹುಡುಗಿ 2018ರಲ್ಲಿ ಚೀನಾದ ನಾನ್‌ಜಿಂಗ್ ನಗರದಲ್ಲಿ ನಡೆದ ವಿಶ್ವ ಪಂದ್ಯದಲ್ಲಿ ಭಾರತದ ಪರವಾಗಿ ಆಡಿದಳು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿದಾಗ ಜಪಾನಿನ ಮೊಮಿಜಿ ನಿಶಿಯಾ ಎಂಬ 13 ವರ್ಷದ ಬಾಲಿಕೆ ಚಿನ್ನದ ಪದಕ ಗೆದ್ದಳು. ನಾವು ಪದಕದ ಆಸೆಗೆ ಪಾರ್ಕು ಕೇಳುತ್ತಿಲ್ಲ. ಮಗು ಆಡುವುದು ಆಟಕ್ಕಾಗಿ. ಆದರೆ ಕೂಲಿಕಾರರ ಮಕ್ಕಳಿಗೆ ಇದು ಒಗ್ಗುವುದಿಲ್ಲವೆಂಬ ಮಾತನ್ನು ಜನ್ವಾರಿನ ಮಕ್ಕಳು ಸುಳ್ಳು ಮಾಡಿದ್ದಾರೆ, ಅಷ್ಟೆ.

ಎರಡನೆಯ ಆಕ್ಷೇಪಣೆ ನಮ್ಮವರದು. ಅದಕ್ಕೆ ತೂಕವಿದೆ. "ಕೆರೆಗೆ ಕೊಳಚೆ ಹರಿಯುತ್ತಿದೆ ಎಂದು ಜನ ವರ್ಷಗಳಿಂದ ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಮೊದಲು ಮೋರಿ, ಆಮೇಲೆ ಆಟ" ಎನ್ನುತ್ತಾರೆ. ಕೇಳುವುದಕ್ಕೆ ನ್ಯಾಯವಾದ ಮಾತು. ಆದರೆ ಮೋರಿಯ ಹಣವೂ ಆಟದ ಹಣವೂ ಒಂದೇ ಡಬ್ಬಿಯಲ್ಲಿದೆಯೆಂದು ಇವರು ನಂಬಿಬಿಟ್ಟಿದ್ದಾರೆ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರ ಮಾರ್ಚ್‌ವರೆಗೆ ಊರುಗಳಿಗೆ ಕೊಡಿಸಿದ ಅನುದಾನದ ಲೆಕ್ಕ ನೋಡಿ. ಹತ್ತು ಲಕ್ಷಕ್ಕೆ ಕಡಿಮೆ ಜನರಿರುವ ಪಟ್ಟಣಗಳಿಗೆ ಕೊಟ್ಟದ್ದರಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಬೇರೆ ಕಡೆ ಕದಲಿಸುವಂತಿರಲಿಲ್ಲ. ಮಹಾನಗರಗಳ ಗುಂಪಿಗೆ ಕೊಟ್ಟದ್ದಂತೂ ಪೂರ್ತಿಯಾಗಿ ಗಾಳಿ, ನೀರು, ಕಸ, ನೈರ್ಮಲ್ಯಗಳ ಹೆಸರಿನಲ್ಲೇ. ಅಂದಮೇಲೆ ಮೋರಿಯ ಹಣವನ್ನು ಹುಡುಗರ ಹಲಗೆ ಕಬಳಿಸುವ ಪ್ರಶ್ನೆ ಎಲ್ಲಿ ಬಂತು? ಮೋರಿಗೆಂದು ಬಂದ ಹಣ ಮೋರಿಗೆ ಹೋಯಿತೆ, ಹೋಗಿದ್ದರೆ ಕೊಳಚೆ ಏಕೆ ನಿಲ್ಲಲಿಲ್ಲ ಎಂದು ಕೇಳಬೇಕಾದದ್ದು ಪುರಸಭೆಯನ್ನು, ಹುಡುಗರನ್ನಲ್ಲ.

ಆಟದ ಬಯಲಿಗೆ ಪೈಪೋಟಿ ಮೋರಿಯಲ್ಲ. ಯಾವ ಕಟ್ಟುಪಾಡೂ ಇಲ್ಲದ ಸಾಮಾನ್ಯ ನಿಧಿಯನ್ನು ಯಾವುದು ತಿನ್ನುತ್ತಿದೆ, ನಮ್ಮ ಊರುಗಳಲ್ಲಿ ಒಮ್ಮೆ ಕಣ್ಣು ಬಿಟ್ಟು ನೋಡಿ. ಸ್ವಾಗತ ಕಮಾನು! ಅದಕ್ಕೆ ಬಣ್ಣ! ನೆಟ್ಟಗಿರುವ ಫುಟ್‌ಪಾತ್ ಕಲ್ಲು ಕಿತ್ತು ಮತ್ತೆ ಅದೇ ಜಾಗದಲ್ಲಿ ಬೇರೆ ಕಲ್ಲು! ಡಾಂಬರಿನ ಮೇಲೆ ಡಾಂಬರು! ಕಮಾನಿನ ಕೆಳಗೆ ಯಾವ ಮಗುವೂ ಆಡುವುದಿಲ್ಲ. ಅದರ ಮೇಲೆ ಕೆಲವರ ಹೆಸರು ಮಾತ್ರ ಇರುತ್ತದೆ. ಬಡವರ ಮಕ್ಕಳ ಆಟಕ್ಕೆ "ಆದ್ಯತೆ" ಎಂಬ ದೊಡ್ಡ ಪದವನ್ನು ಹುಡುಕಿ ತರುವವರು ಕಮಾನಿನ ಗುದ್ದಲಿ ಪೂಜೆಯ ದಿನ ಆ ಪದವನ್ನು ಎಲ್ಲಿ ಬಚ್ಚಿಡುತ್ತಾರೆ?

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ಪುರಸಭೆಯ ನಿಧಿಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆಂದು ನೂರಕ್ಕೆ 24.10, ಇತರ ಬಡವರಿಗೆಂದು 7.25, ಅಂಗವಿಕಲರಿಗೆಂದು 5 ಭಾಗ ಮೀಸಲಿಡುವ ಕಟ್ಟಳೆ ಇದೆ. ದಲಿತರ ಮಕ್ಕಳೂ ಅಲ್ಲಿ ಆಡುತ್ತಾರಲ್ಲ ಎಂಬ ನೆಪ ಹೇಳಿ ಈ ಮೀಸಲು ಹಣದಿಂದ ಪಾರ್ಕು ಕಟ್ಟುವ ಜಾಣತನವನ್ನು ಯಾರಾದರೂ ತೋರಿಸಬಹುದು. ಆ ಹಣ ಕೇರಿಯ ಮನೆಗೆ, ನೀರಿಗೆ, ಓದಿಗೆ ಹೋಗಬೇಕಾದದ್ದು. ಅದನ್ನು ಮುಟ್ಟಿ ಕಟ್ಟುವ ಪಾರ್ಕು ನಮಗೆ ಬೇಡವೇ ಬೇಡ.

ಇನ್ನು ಖರ್ಚಿನ ಮಾತು. ಕೋಟಿಗಟ್ಟಲೆ ಬೇಕೆಂದು ಹೆದರಿಸುವವರಿದ್ದಾರೆ. ನಾವು ಇಂಜಿನಿಯರರಲ್ಲ, ಆದರೆ ಮೆಟ್ರಿಕ್ ತನಕ ಕಲಿತ ಲೆಕ್ಕ, ಆಮೇಲೆ ಮಕ್ಕಳಿಗೆ ಕಲಿಸಿದ ಲೆಕ್ಕ ಇದಕ್ಕೆ ಸಾಕು. 100 ಅಡಿ ಉದ್ದ, 50 ಅಡಿ ಅಗಲದ ಪಾರ್ಕು ಎನ್ನಿ. 5,000 ಚದರ ಅಡಿ. ಮೂವತ್ತು ನಲವತ್ತರ ನಾಲ್ಕು ಸೈಟು ಮತ್ತು ಒಂದು ಅಂಗಡಿಯಷ್ಟು ಜಾಗ. ಅರ್ಧ ಅಡಿ ದಪ್ಪಕ್ಕೆ ಕಾಂಕ್ರೀಟು ಹಾಕಿದರೆ 2,500 ಘನ ಅಡಿ, ಎಂದರೆ ಸುಮಾರು 70 ಘನ ಮೀಟರು. ಇಳಿಜಾರು, ಗುಂಡಿ, ಮೆಟ್ಟಿಲಿಗೆಂದು ಅದರ ಅರ್ಧದಷ್ಟು ಇನ್ನೂ ಸೇರಿಸಿ, 105 ಎನ್ನಿ. ಈಗ ರಸ್ತೆಯನ್ನು ನೋಡಿ. 7 ಮೀಟರು ಅಗಲ, 20 ಸೆಂಟಿಮೀಟರು ದಪ್ಪದ ಕಾಂಕ್ರೀಟು ರಸ್ತೆಗೆ ಒಂದೊಂದು ಮೀಟರು ಉದ್ದಕ್ಕೆ 1.4 ಘನ ಮೀಟರು ಬೇಕು. ಹಾಗಾದರೆ ಪಾರ್ಕಿಗೆ ಬೇಕಾದ ಕಾಂಕ್ರೀಟು ಎಷ್ಟು ರಸ್ತೆಗೆ ಸಮ? 75 ಮೀಟರಿಗೆ! ಒಂದು ಬೀದಿಯ ಈ ತುದಿಯಿಂದ ಆ ತುದಿಗೂ ಸಾಲದು. ಇಷ್ಟಕ್ಕೆ ಊರಿನ ಬೊಕ್ಕಸ ಬರಿದಾಗುತ್ತದಂತೆ.

ಸಾಮಾನಿನ ಲೆಕ್ಕ ಇಷ್ಟಾದರೆ ಕೆಲಸದ ಲೆಕ್ಕ ಬೇರೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಬಾಗಿದ ಗೋಡೆಗೆ ಕಂಬಿ ಬಗ್ಗಿಸಿ ಕಟ್ಟಬೇಕು. ಗಾರೆ ಒಣಗುವುದರೊಳಗೆ ಅಚ್ಚಿನ ಪಟ್ಟಿ ಹಿಡಿದು ಕರಣೆಯಲ್ಲಿ ಕೈಯಿಂದಲೇ ಉಜ್ಜಿ ನುಣುಪು ಮಾಡಬೇಕು. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿದರೆ ಮಗುವಿನ ಹಲ್ಲು ಉದುರುತ್ತದೆ. ಗುಂಡಿಯ ತಳದಲ್ಲಿ ನೀರು ಹೋಗುವ ದಾರಿ ಇಡಲೇಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ ಬೀಳುತ್ತದೆ. ದಾರಿಯಿಲ್ಲದ ಗುಂಡಿ ಸೊಳ್ಳೆಯ ತೊಟ್ಟಿಲಾಗುತ್ತದೆ. ಬರಿಯ ಘನ ಮೀಟರಿನ ದರಪಟ್ಟಿ ಹಿಡಿದು, ಕಡಿಮೆ ಕೂಗಿದವನಿಗೆ ಕೊಟ್ಟು, ನಿನ್ನೆ ಮೋರಿ ಕಟ್ಟಿದ ಕಂಟ್ರಾಕ್ಟರನ ಕೈಗೆ ಇವತ್ತು ಇದನ್ನೂ ಒಪ್ಪಿಸಿದರೆ ಆಗುವುದು ಪಾರ್ಕಲ್ಲ, ಒಣಗಿದ ಮೋರಿ. ಆಡಿ ಗೊತ್ತಿರುವವರು ನಕ್ಷೆ ಬರೆಯಬೇಕು. ಈ ಬಗೆಯ ಕೆಲಸ ಮಾಡಿ ತೋರಿಸಿದವರೇ ಟೆಂಡರಿಗೆ ಬರಬೇಕೆಂಬ ಷರತ್ತು ಇರಬೇಕು. "ವಿಶೇಷ ಕೆಲಸ" ಎಂಬ ಹೆಸರಿನಲ್ಲಿ 1999ರ ಪಾರದರ್ಶಕತೆಯ ಕಾಯಿದೆಯಿಂದ ವಿನಾಯಿತಿ ತಂದು ಬೇಕಾದವರ ಮಡಿಲಿಗೆ ಹಾಕುವ ಹಳೆಯ ವಿದ್ಯೆ ಮಾತ್ರ ಬೇಡ.

ಮೂರನೆಯ ಮಾತು ಬಹಳ ಮೃದುವಾದದ್ದು, ಅದಕ್ಕೇ ಬಹಳ ಅಪಾಯದ್ದು. "ಪುರಸಭೆ ಏಕೆ ತಲೆ ಕೆಡಿಸಿಕೊಳ್ಳಬೇಕು? ಯಾವುದಾದರೂ ಕಂಪನಿ ಕೊಡುತ್ತದೆ ಬಿಡಿ" ಎನ್ನುತ್ತಾರೆ. ಕಂಪನಿಗಳು ಕೊಟ್ಟದ್ದುಂಟು. 2013ರಲ್ಲಿ ಬೆಂಗಳೂರಿನಲ್ಲಿಯೇ ಹೋಲಿಸ್ಟೋಕ್ಡ್ ಎಂಬ ಹುಡುಗರ ತಂಡ ಲೀವೈಸ್ ಎಂಬ ಜೀನ್ಸ್ ಕಂಪನಿಯ ಹಣದಲ್ಲಿ, ಹೊರದೇಶಗಳಿಂದ ಬಂದ ಆಟಗಾರರನ್ನೂ ಕೂಡಿಕೊಂಡು, ತಮ್ಮ ಕೈಯಿಂದಲೇ ಗಾರೆ ಎಳೆದು ಒಂದು ಸ್ಕೇಟ್ ಪಾರ್ಕ್ ಕಟ್ಟಿತು. ಆ ಹುಡುಗರ ದುಡಿಮೆಗೆ ನಮ್ಮ ನಮಸ್ಕಾರ. ಕಂಪನಿ ಅದರ ಚಿತ್ರ ತೆಗೆದು ಲೋಕಕ್ಕೆಲ್ಲ ತೋರಿಸಿತು. ರಾಜಸ್ಥಾನದ ಉದಯಪುರದ ಹತ್ತಿರ ಖೇಮ್‌ಪುರದಲ್ಲಿ ಒಂದು ಸಿನಿಮಾಕ್ಕಾಗಿ ಪಾರ್ಕು ಕಟ್ಟಿದರು. ಚಿತ್ರೀಕರಣ ಮುಗಿದ ಮೇಲೆ ಹಳ್ಳಿಯ ಮಕ್ಕಳಿಗೇ ಬಿಟ್ಟರು. ಅದೂ ಒಳ್ಳೆಯದೇ. ಆದರೆ ಪ್ರಚಾರಕ್ಕೆ ಬೇಕಾದಾಗ ಜೀನ್ಸ್ ಕಂಪನಿ, ಕಥೆಗೆ ಬೇಕಾದಾಗ ಸಿನಿಮಾದವರು, ಕರುಣೆ ಬಂದಾಗ ಒಬ್ಬ ಜರ್ಮನ್ ಮಹಿಳೆ. ಇವರೆಲ್ಲರ ಕೈಯಲ್ಲಿ ಆಗುವ ಕೆಲಸ, ನಮ್ಮಿಂದ ಕಂದಾಯ ತೆಗೆದುಕೊಳ್ಳುವವರ ಕೈಯಲ್ಲಿ ಏಕೆ ಆಗುವುದಿಲ್ಲ? 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ 2 ಭಾಗ ಸಮಾಜದ ಕೆಲಸಕ್ಕೆ ಕೊಡಬೇಕು. ಒಲಿಂಪಿಕ್ ಆಟಗಳ ತರಬೇತಿಯೂ ಆ ಪಟ್ಟಿಯಲ್ಲಿದೆ. ಕೊಟ್ಟರೆ ಪುರಸಭೆಯ ಖಾತೆಗೆ ಕೊಡಲಿ, ರಸೀದಿ ಪಡೆಯಲಿ. ಮೈದಾನದ ಬಾಗಿಲ ಮೇಲೆ ಫಲಕ ಹಾಕಿ, ಬೀಗದ ಕೈ ಇಟ್ಟುಕೊಂಡು ಕೊಡುವುದಾದರೆ ಬೇಡ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಾಲ್ ತೆರೆದದ್ದನ್ನು ಮಿಲ್ ಕಾರ್ಮಿಕರ ಮಕ್ಕಳು ಮರೆತಿಲ್ಲ. ಅಪ್ಪಂದಿರು ಬೆವರು ಸುರಿಸಿದ ನೆಲದ ಮೇಲೆ ಮಕ್ಕಳು ದುಡ್ಡು ಕೊಟ್ಟು ಆಟವಾಡಬೇಕಾದ ಕಾಲ ಬಂದಿತು.

ಸಂವಿಧಾನದ ಹನ್ನೆರಡನೆಯ ಅನುಸೂಚಿ ಊರಾಡಳಿತಕ್ಕೆ 18 ಕೆಲಸಗಳನ್ನು ಹೇಳುತ್ತದೆ. ಹನ್ನೆರಡನೆಯದು ಉದ್ಯಾನ, ತೋಟ, ಆಟದ ಮೈದಾನಗಳಂತಹ ಸೌಕರ್ಯ. ಇದು ಭಿಕ್ಷೆಯ ಮಾತಲ್ಲ, ಬರೆದಿಟ್ಟ ಕರ್ತವ್ಯದ ಮಾತು.

ಜಾಗ ಎಲ್ಲಿ ಎಂದು ಕೇಳುತ್ತಾರೆ. 1976ರ ಬಿ.ಡಿ.ಎ. ಕಾಯಿದೆಯಂತೆ ಬಡಾವಣೆ ಮಾಡುವಾಗ ನೂರಕ್ಕೆ 15 ಭಾಗ ಉದ್ಯಾನ ಮತ್ತು ಆಟದ ಬಯಲಿಗೆ, ಇನ್ನೂ 10 ಭಾಗ ನಾಗರಿಕ ಸೌಕರ್ಯಕ್ಕೆ ಬಿಡಬೇಕು. ರೆವಿನ್ಯೂ ಸೈಟಿನ ಧಣಿಗಳು ಈ ಗೋಜಿಗೇ ಹೋಗಲಿಲ್ಲ. ಹೊಲವನ್ನು ಬದುವಿನಿಂದ ಬದುವಿಗೆ ಕತ್ತರಿಸಿ ಮಾರಿದರು. ಕೊಂಡವರು ನಮ್ಮಂಥ ಸಾಮಾನ್ಯರೇ, ಅವರನ್ನು ದೂರುವಂತಿಲ್ಲ. ಆದರೆ ಬಿಟ್ಟದ್ದೆಂದು ನಕ್ಷೆಯಲ್ಲಿ ತೋರಿಸಿದ ಪಾರ್ಕಿನ ಜಾಗಗಳು ನೆಲದ ಮೇಲೆ ಎಷ್ಟು ಉಳಿದಿವೆಯೆಂದು ಅಳತೆ ಮಾಡಿಸಲಿ. ಒತ್ತುವರಿ ಬಿಡಿಸಿದ ಸರಕಾರಿ ಜಾಗವಿದ್ದರೆ ಅದು ಆಗಬಹುದು. ಕೆರೆಯ ಅಂಗಳ ಮಾತ್ರ ಕೂಡದು, ರಾಜಕಾಲುವೆಯ ಬದಿಯೂ ಕೂಡದು. ಕೆರೆ ಉಳಿಸುವುದಕ್ಕೆಂದೇ 2014ರಲ್ಲಿ ಕಾಯಿದೆ ಮಾಡಿದ್ದಾರೆ. ಮಕ್ಕಳ ಹೆಸರು ಹೇಳಿ ಅದನ್ನು ಮುರಿಯುವುದು ಮಕ್ಕಳಿಗೇ ಮಾಡುವ ದ್ರೋಹ. ಸರಕಾರಿ ಶಾಲೆಯ ಮೈದಾನಕ್ಕೂ ಕೈ ಹಾಕಬಾರದು. ಡ್ರಿಲ್ ಪೀರಿಯಡ್ಡಿಗೆ ಅಂಗಳವಿಲ್ಲದೆ ಮಕ್ಕಳನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ ಕೈ ಮೇಲೆ ಕೈ ಕೆಳಗೆ ಮಾಡಿಸಿದ ಮೇಷ್ಟರುಗಳು ನಾವು. ಅದರ ಕಷ್ಟ ನಮಗೆ ಗೊತ್ತು.

ಕಟ್ಟಿದ ಮೇಲಿನ ಖರ್ಚನ್ನು ಯಾವ ಮುಂಗಡಪತ್ರವೂ ಮನಸ್ಸಿಟ್ಟು ಬರೆಯುವುದಿಲ್ಲ. ಕಟ್ಟುವುದರಲ್ಲಿ ಉದ್ಘಾಟನೆಯಿದೆ, ಗುಡಿಸುವುದರಲ್ಲಿ ಏನಿದೆ? ಸ್ಕೇಟ್ ಪಾರ್ಕಿನಲ್ಲಿ ಗುಡಿಸುವುದೇ ಮುಖ್ಯ. ಕಡಲೆಕಾಳಿನಷ್ಟು ಜಲ್ಲಿ ಚಕ್ರಕ್ಕೆ ಸಿಕ್ಕಿದರೂ ಮಗು ಮುಗ್ಗರಿಸುತ್ತದೆ. ಆದ್ದರಿಂದ ದಿನವೂ ಗುಡಿಸಲು ಒಬ್ಬ ಕಾಯಂ ಪೌರಕಾರ್ಮಿಕರ ಸಂಬಳ, ದೀಪದ ಬಿಲ್ಲು, ಕುಡಿಯುವ ನೀರು, ಹುಡುಗಿಯರಿಗೆ ಬಾಗಿಲು ಭದ್ರವಾಗಿರುವ ಕಕ್ಕಸು, ಬಿರುಕಿಗೆ ತೇಪೆ, ಇವೆಲ್ಲ ವರ್ಷವರ್ಷವೂ ಬರುವಂತೆ ಬೇರೆ ಶೀರ್ಷಿಕೆಯಲ್ಲಿ ಬರೆಯಬೇಕು. ಒಂದು ಹಲಗೆಗೆ ಸಾವಿರಾರು ರೂಪಾಯಿ ಆಗುತ್ತದೆ. ಗಾರ್ಮೆಂಟ್ಸ್ ಹೆಂಗಸು ಮಗನಿಗೆ ಅದನ್ನು ಎಲ್ಲಿಂದ ತರಬೇಕು? ಗ್ರಂಥಾಲಯದಲ್ಲಿ ಪುಸ್ತಕ ಕೊಡುವಂತೆ ಹಲಗೆ, ತಲೆಯ ಟೊಪ್ಪಿಗೆ, ಮೊಣಕಾಲಿನ ಕಟ್ಟು ಇವನ್ನು ಹೆಸರು ಬರೆದುಕೊಂಡು ಕೊಡುವ ಏರ್ಪಾಡಿಗೂ ಬಾಬು ಬೇಕು. ಇದಿಲ್ಲದೆ ಕಟ್ಟಿದರೆ ಅಪಾರ್ಟ್‌ಮೆಂಟಿನ ಮಕ್ಕಳು ಹಲಗೆ ತಂದು ಆಡುತ್ತಾರೆ, ವಠಾರದ ಮಕ್ಕಳು ಬೇಲಿ ಹಿಡಿದು ನೋಡುತ್ತಾರೆ. ಆಗ ಮೊದಲನೆಯ ಆಕ್ಷೇಪಣೆಯೇ ನಿಜವಾಗುತ್ತದೆ! ಗಂಟೆಯ ಲೆಕ್ಕದಲ್ಲಿ ಬಾಡಿಗೆ, ನಿರ್ವಹಣೆಗೆ ಖಾಸಗಿ ಗುತ್ತಿಗೆ, ತಿಂಗಳ ಪಾಸು, ಇವು ಯಾವುವೂ ಕೂಡದೆಂದು ಮುಂಗಡಪತ್ರದ ಅದೇ ಪುಟದಲ್ಲಿ ಬರೆಯಿಸಬೇಕು.

ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ನಿಮ್ಮ ಲೈಸೆನ್ಸು ಶುಲ್ಕ, ನಿಮ್ಮ ಅಂಗಡಿಯ ಕಂದಾಯ ಇದಕ್ಕೆ ಹೋಗುತ್ತದೆಂದು ಹೇಳಿ ನಿಮ್ಮನ್ನು ಕಾರ್ಮಿಕರ ಮೇಲೆ ಎತ್ತಿಕಟ್ಟುವವರು ಬರುತ್ತಾರೆ. ಬಾಡಿಗೆ ಮನೆಯ ಕಾರ್ಮಿಕನೂ ಬಾಡಿಗೆಯ ಒಳಗೇ ಮನೆಯವರ ಕಂದಾಯ ಕಟ್ಟುತ್ತಿದ್ದಾನೆ. ನಿಮ್ಮ ಮಕ್ಕಳೂ ಅಂಗಡಿಯ ಗಲ್ಲಾದ ಹಿಂದೆ ಮೊಬೈಲು ಹಿಡಿದು ಕೂತಿದ್ದಾರೆ. ಸಂಜೆ ನೂರು ಮಕ್ಕಳು ಸೇರುವ ಜಾಗದ ಸುತ್ತ ಕಡಲೆಪುರಿ, ಬಾಳೆಹಣ್ಣು, ಟೀ ಮಾರಾಟವಾಗುತ್ತದೆಯೋ ಕಮಾನಿನ ಸುತ್ತಲೋ, ನೀವೇ ಹೇಳಿ.

ಮುಂಗಡಪತ್ರ ಬರೆಯುವ ಮುನ್ನ ಸಾರ್ವಜನಿಕರ ಸಭೆ ಕರೆದು ಸಲಹೆ ಕೇಳುವ ಪದ್ಧತಿ ಪುರಸಭೆಗಳಲ್ಲಿದೆ. ಆ ಸಭೆಗೆ ಹೋಗಬೇಕು. ಯಾವ ಸರ್ವೆ ನಂಬರಿನ ಜಾಗ, ಯಾವ ಶೀರ್ಷಿಕೆಯ ಹಣ, ನಕ್ಷೆ ಯಾರದು, ಮರುವರ್ಷದ ಗುಡಿಸುವ ಖರ್ಚು ಎಲ್ಲಿದೆ, ಹಲಗೆಗಳ ಬಾಬು ಎಷ್ಟು ಎಂದು ಎದ್ದುನಿಂತು ಕೇಳಬೇಕು. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿ, ಪ್ರತಿ ತೆಗೆದುಕೊಳ್ಳಬೇಕು. ಆದರೆ ಇಂಥ ಸಭೆ ಸಾಮಾನ್ಯವಾಗಿ ಕೆಲಸದ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ ಸೇರುತ್ತದೆ. ಆ ಹೊತ್ತಿಗೆ ಮೊದಲನೆಯ ಪಾಳಿಯವರು ಮೆಷೀನಿನ ಮುಂದೆ, ವ್ಯಾಪಾರಿ ಗಲ್ಲಾದ ಮುಂದೆ. ಹಾಗಾಗಿ ಮೊದಲನೆಯ ಅರ್ಜಿಯನ್ನು ಪಾರ್ಕಿಗಾಗಿ ಅಲ್ಲ, ಸಭೆಯನ್ನು ಭಾನುವಾರ ಇಡಿ ಎಂದು ಕೊಡೋಣ. ಅರ್ಜಿಗೆ ಸಹಿ ಹಾಕಲು ಮಕ್ಕಳ ತಾಯಂದಿರನ್ನು ಮುಂದೆ ಬಿಡೋಣ.